ಟ್ಯಾಪೆಟ್ ಅಲ್ಲದ ಟ್ಯಾಪೆಟ್ ಸಪ್ಪಳ

ಗಾಡಿ ಹಳೆಯದು. ಸಾವಿರದ ನೂರು ಸಿಸಿ ಆಸುಪಾಸಿನ ಪೆಟ್ರೋಲ್ ಎಂಜಿನ್, ನಾಲ್ಕು ಸಿಲಿಂಡರ್, ಅಲ್ಯೂಮಿನಿಯಂ ಹೆಡ್ಡು (ಸಿಲಿಂಡರುಗಳ ಮೇಲಿನ ಮುಚ್ಚಳ), ಎರಕದ ಕಬ್ಬಿಣದ ಎಕ್ಸಾಸ್ಟ್ ಮ್ಯಾನಿಫೋಲ್ಡು (ಸಿಲಿಂಡರುಗಳ ಹೊಗೆಯನ್ನು ಕೂಡಿಸಿ ಸೈಲೆನ್ಸರ್ ಕಡೆ ಕಳಿಸುವ ಕೊಳವೆ). ಯಾವ ಕಂಪನಿಯದು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಮನೆ ವಾಸ್ಕೋದಲ್ಲಿ, ಕೆಲಸ ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಹಬ್ಬಕ್ಕೆ ಅನ್ಮೋಡ ಘಾಟ್ ಹತ್ತಿ ಧಾರವಾಡಕ್ಕೆ. ಗಾಡಿಯ ಓಡಾಟ ಇಷ್ಟೇ.

ದೂರು ಏನೆಂದರೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ಟಿನೊಳಗೆ ಟಕ್ ಟಕ್ ಟಕ್ ಅಂತ ಚೂಪು ಸಪ್ಪಳ. ಚಿಕಾಲಿಂ ದಾಟಿ ದಾಬೋಳಿ ವಿಮಾನ ನಿಲ್ದಾಣ ಬರುವ ಹೊತ್ತಿಗೆ ಅದು ಮೆತ್ತಗಾಗುತ್ತದೆ, ವೆರ್ಣಾ ಮುಟ್ಟುವಷ್ಟರಲ್ಲಿ ಇಲ್ಲವೇ ಇಲ್ಲ. ಆದರೆ ಮೊಲೆಮ್ ದಾಟಿ ಘಾಟ್ ಏರಲು ಶುರು ಮಾಡಿ ಆಕ್ಸಿಲರೇಟರ್ ಒತ್ತಿದರೆ, ಎಂಜಿನ್ ಎಷ್ಟೇ ಬಿಸಿಯಿದ್ದರೂ ಸಣ್ಣಗೆ ಮತ್ತೆ ಬರುತ್ತದೆ. ಇದರ ಜೊತೆಗೆ ಮಳೆ ಬಿದ್ದ ದಿನ ಕೀಂವ್ ಅಂತ ಇನ್ನೊಂದು ಕಿರುಚಾಟ. ಗೋವಾದಲ್ಲಿ ಜೂನ್ ಮೊದಲ ವಾರದಿಂದ ಅಕ್ಟೋಬರ್‌ವರೆಗೆ ಮಳೆ ಬೀಳದ ದಿನ ಹುಡುಕಬೇಕು, ಹಾಗಾಗಿ ಎರಡೂ ಸಪ್ಪಳ ಒಂದರ ಮೇಲೊಂದು ಕೂತು ಯಾವುದು ಯಾವುದೆಂದು ಗೊತ್ತಾಗದ ಹಾಗಿತ್ತು.

ಹಿಂದೆ ಒಂದು ಗ್ಯಾರೇಜಿನಲ್ಲಿ ಟ್ಯಾಪೆಟ್ (ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಕಳಿಸುವ ವಾಲ್ವುಗಳನ್ನು ಒತ್ತುವ ಭಾಗ) ಅಂತ ಹೇಳಿ, ಟ್ಯಾಪೆಟ್ ಬಿಗಿ ಮಾಡಿ, ದುಡ್ಡು ತಗೊಂಡು ಕಳಿಸಿದ್ದರು. ಸಪ್ಪಳ ಹಾಗೇ ಉಳಿಯಿತು. ಮೈಲೇಜ್ ಮಾತ್ರ ತಿಂಗಳಿಂದ ತಿಂಗಳಿಗೆ ಇಳಿಯುತ್ತ ಬಂತು.

ಈ ಸಲ ಹೋದದ್ದು ಝುವಾರಿನಗರದ ರಸ್ತೆ ಬದಿಯ ಒಂದು ಶೆಡ್ಡಿಗೆ. ನಡೆಸುವವರು ಸವಣೂರು ಕಡೆಯ ಮಿಸ್ತ್ರಿ. ಗಿರಾಕಿಗಳ ಜೊತೆ ಕೊಂಕಣಿ, ಸ್ಪೇರ್ ಪಾರ್ಟ್ ಅಂಗಡಿಯವನ ಜೊತೆ ಹಿಂದಿ, ಪಾನಾ ಕೈಜಾರಿದಾಗ ಮಾತ್ರ ಅಪ್ಪಟ ಹಾವೇರಿ ಕನ್ನಡ. ನಾನು ಕಾಕಾ ಅನ್ನುತ್ತೇನೆ. ಭಾನುವಾರ ಶೆಡ್ಡಿನ ಒಂದು ಮೂಲೆ ನನಗೆ ಬಿಟ್ಟುಕೊಡುತ್ತಾರೆ, ನನ್ನ ಕೈಕೆಲಸ ನೋಡಿ ನಗುವುದಕ್ಕೆ ಒಂದು ಸ್ಟೂಲು ಹಾಕಿಕೊಂಡು ಕೂಡುತ್ತಾರೆ.

ಬಾನೆಟ್ ಎತ್ತಿದ ಕೂಡಲೇ ಅವರೂ ಅದೇ ಅಂದರು: "ಟ್ಯಾಪೆಟ್ ಐತಿ ತಮ್ಮಾ. ಹೊಲಿಗಿ ಮಷೀನ್ ಹೊಡದಂಗ ಹೊಡಿಯಾಕತ್ತೈತಿ, ಕೇಳವಲ್ಲದೇನು?"

"ಟ್ಯಾಪೆಟ್ ಆಗಲೇ ಬಿಗಿ ಮಾಡ್ಯಾರ್ರೀ ಕಾಕಾ."

"ಹಂಗಾರ ಸರಿ ಮಾಡಿಲ್ಲ."

ಇರಬಹುದು. ಆದರೆ ಬಿಚ್ಚುವ ಮೊದಲು ಸಪ್ಪಳವನ್ನೇ ಇನ್ನಷ್ಟು ವಿಚಾರಿಸೋಣ ಅಂತ ಇಬ್ಬರೂ ಒಪ್ಪಿದೆವು.

ಮೊದಲು ಆಯಿಲ್, ಆಮೇಲೆ ಕಿವಿ

ಎಂಜಿನ್ ಒಳಗಿನ ಯಾವುದೇ ಹೊಸ ಬಡಿತಕ್ಕೆ ಮೊದಲ ಕೆಲಸ ಡಿಪ್‌ಸ್ಟಿಕ್ ಎಳೆಯುವುದು. ಸಮತಟ್ಟು ಜಾಗ, ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಮತ್ತೆ ಹಾಕಿ ತೆಗೆದು ನೋಡುವುದು. ಆಯಿಲ್ ಕಡಿಮೆಯಾದರೆ ವಾಲ್ವ್ ಒತ್ತುವ ಮೇಲಿನ ರಾಕರ್‌ಗಳಿಗೆ ಸರಿಯಾಗಿ ಏರುವುದಿಲ್ಲ, ಟ್ಯಾಪೆಟ್ ಕೂಗುವುದು ಅಲ್ಲಿಂದಲೇ. ನಮ್ಮದರಲ್ಲಿ ಎರಡು ಗೆರೆಗಳ ನಡುವೆ ಮೇಲಿನದಕ್ಕೆ ಹತ್ತಿರ ಇತ್ತು. ಪ್ರೆಷರ್ ದೀಪವೂ ಸ್ಟಾರ್ಟ್ ಆದ ಕ್ಷಣಕ್ಕೆ ಆರುತ್ತಿತ್ತು.

ಇಲ್ಲೊಂದು ಮಾತು ಖಡಾಖಂಡಿತ ಹೇಳಿಬಿಡುತ್ತೇನೆ. ಸಪ್ಪಳ ದಪ್ಪಗೆ, ಕೆಳಗಿನಿಂದ, ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿ) ಕಡೆಯಿಂದ ಧಬ್ ಧಬ್ ಅಂತ ಬಂದು, ಆಕ್ಸಿಲರೇಟರ್ ಒತ್ತಿದಾಗ ಜೋರಾಗುತ್ತಿದ್ದರೆ, ಬಿಸಿಯಾದ ಮೇಲೆ ಹೆಚ್ಚುತ್ತಿದ್ದರೆ, ಅದು ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ನಿನ ಕನೆಕ್ಟಿಂಗ್ ರಾಡು ಎಂಜಿನ್ನಿನ ಮುಖ್ಯ ತಿರುಗುವ ಅಚ್ಚಿಗೆ ಸೇರುವ ಕಡೆಯದು) ಇರಬಹುದು. ಪರೀಕ್ಷೆ ಗಿರೀಕ್ಷೆ ಏನೂ ಬೇಡ, ಎಂಜಿನ್ ಬಂದ್ ಮಾಡಿ ಗಾಡಿಯನ್ನು ಎಳೆಸಿಕೊಂಡು ಹೋಗಿ. ಬೇರಿಂಗ್ ಸವೆದ ಕನೆಕ್ಟಿಂಗ್ ರಾಡ್ ಬ್ಲಾಕನ್ನೇ ಒಡೆದು ಹೊರಬರುವುದುಂಟು. ನಮ್ಮದು ಚೂಪು ಸಪ್ಪಳ, ಬಿಸಿಯಾದಂತೆ ಕಡಿಮೆಯಾಗುವ ಸಪ್ಪಳ. ಅಷ್ಟರ ಮಟ್ಟಿಗೆ ಧೈರ್ಯ.

ಆಮೇಲೆ ಉದ್ದನೆಯ ಸ್ಕ್ರೂಡ್ರೈವರ್. ತುದಿ ಎಂಜಿನ್ನಿಗೆ, ಹಿಡಿಕೆ ಕಿವಿಯ ಮುಂದಿನ ಎಲುಬಿಗೆ. ಎಲ್ಲ ಮಿಸ್ತ್ರಿಗಳ ಸ್ಟೆತಸ್ಕೋಪ್ ಇದೇ. ವಾಲ್ವ್ ಕವರ್ ಮೇಲೆ ಎಲ್ಲಿ ಇಟ್ಟರೂ ಟಕ್ ಟಕ್. ಒಂದನೇ ಸಿಲಿಂಡರ್ ಮೇಲೂ ಅಷ್ಟೇ, ನಾಲ್ಕನೆಯದರ ಮೇಲೂ ಅಷ್ಟೇ, ಇನ್‌ಟೇಕ್ ಕಡೆಯೂ ಅಷ್ಟೇ. ಕಾಕಾಗೆ ಇದು ಟ್ಯಾಪೆಟ್ ಎಂಬುದಕ್ಕೆ ಸಾಕ್ಷಿಯಾಗಿ ಕಂಡಿತು. ನನಗೆ ಹಾಗನ್ನಿಸಲಿಲ್ಲ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ಅಲ್ಯೂಮಿನಿಯಂನಲ್ಲಿ ಐದು ಸಾವಿರ ಮೀಟರಿಗೂ ಹೆಚ್ಚು ಹೋಗುತ್ತದೆ. ಹೆಡ್ಡಿನ ಒಂದು ಮೂಲೆಗೆ ಏಟು ಬಿದ್ದರೆ ಇಡೀ ಹೆಡ್ಡೇ ಮೊಳಗುತ್ತದೆ. ಎಲ್ಲಿಂದ ಎಂಬ ಪ್ರಶ್ನೆಗೆ ಲೋಹದ ಮುದ್ದೆ ಸರಿಯಾದ ಉತ್ತರ ಕೊಡುವುದಿಲ್ಲ. ಯಾವಾಗ, ಎಷ್ಟು ಸಲ, ಯಾವುದರ ಜೊತೆ ಎಂದು ಕೇಳಿದರೆ ತಪ್ಪಿಸಿಕೊಳ್ಳಲು ಅದಕ್ಕೆ ದಾರಿಯಿಲ್ಲ, ಏಕೆಂದರೆ ಒಳಗಿನ ಪ್ರತಿ ಭಾಗಕ್ಕೂ ತನ್ನದೇ ತಾಳ ಇದೆ.

ಕೀಂವ್ ಅನ್ನುವುದನ್ನು ಮೊದಲು ಹೊರಗೆ ಹಾಕಿದ್ದು

ಎರಡು ಸಪ್ಪಳ ಬೆರೆತಿದ್ದಾಗ ಸುಲಭದ್ದನ್ನು ಮೊದಲು ತೆಗೆಯಬೇಕು. ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಬೆಲ್ಟ್ ಬಿಚ್ಚಿ ಎಂಜಿನ್ ಅರ್ಧ ನಿಮಿಷ ಓಡಿಸಿದೆವು. ಕೀಂವ್ ಮಾಯ, ಟಕ್ ಟಕ್ ಹಾಗೇ. ಅಲ್ಲಿಗೆ ಇವೆರಡೂ ಬೇರೆ ಬೇರೆ ಎಂಬುದು ಖಾತ್ರಿಯಾಯಿತು. ಕೆಲವು ಎಂಜಿನ್‌ಗಳಲ್ಲಿ ವಾಟರ್ ಪಂಪನ್ನು ಓಡಿಸುವುದೂ ಇದೇ ಬೆಲ್ಟು, ಹಾಗಾಗಿ ಬೆಲ್ಟ್ ಇಲ್ಲದೆ ಹೆಚ್ಚು ಹೊತ್ತು ಓಡಿಸಬಾರದು.

ಬೆಲ್ಟ್ ಹಾಕಿ, ಎಂಜಿನ್ ಓಡುತ್ತಿರುವಾಗ ಅದರ ಒಳಮೈಗೆ ಸ್ವಲ್ಪ ನೀರು ಚಿಮುಕಿಸಿದೆವು. ನೀರು ಬಿದ್ದಾಗ ಸಪ್ಪಳ ಒಂದು ಕ್ಷಣ ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ನೇರಕ್ಕಿಲ್ಲ ಎಂದರ್ಥ. ನೀರು ಬಿದ್ದು ಇನ್ನೂ ಜೋರಾದರೆ ಬೆಲ್ಟ್ ಜಾರುತ್ತಿದೆ, ಬಿಗಿ ಸಾಲದು ಎಂದರ್ಥ. ನಮ್ಮದು ಎರಡನೆಯದು. ಬೆಲ್ಟಿನ ಒಳಮೈ ಗಾಜಿನಷ್ಟು ನುಣುಪಾಗಿತ್ತು. ಹೊಸ ಬೆಲ್ಟ್, ಸರಿಯಾದ ಬಿಗಿ, ಕೆಲಸ ಮುಗಿಯಿತು. ಬೆಲ್ಟ್ ಕೈಯಲ್ಲಿರುವಾಗಲೇ ಆಲ್ಟರ್ನೇಟರ್ ಪುಲ್ಲಿಯನ್ನು ಬೆರಳಿಂದ ತಿರುಗಿಸಿ ನೋಡಿದೆ. ಗರಗರ ಇಲ್ಲ, ಅಲ್ಲಾಟ ಇಲ್ಲ, ಬೇರಿಂಗ್ ಚೆನ್ನಾಗಿದೆ.

ಓಡುವ ಬೆಲ್ಟಿನ ಹತ್ತಿರ ಕೆಲಸ ಮಾಡುವಾಗ ತೋಳು ಮಡಚಿ, ಕೊರಳಿನ ಟವೆಲ್ ತೆಗೆದಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್ಲಿನಲ್ಲಿಡಿ. ರೇಡಿಯೇಟರ್ ಫ್ಯಾನು ಹೇಳದೆ ಕೇಳದೆ ತಿರುಗಲು ಶುರು ಮಾಡುತ್ತದೆ.

ನಾಲ್ಕಕ್ಕೆ ಒಂದು

ಈಗ ನಿಜವಾದ ಕೆಲಸ. ಫೋರ್ ಸ್ಟ್ರೋಕ್ ಎಂಜಿನ್ನಿನ ಲೆಕ್ಕ ಗೊತ್ತಿದ್ದದ್ದೇ: ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಅಚ್ಚು) ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ (ವಾಲ್ವುಗಳನ್ನು ತೆರೆಸುವ ಅಚ್ಚು) ಒಂದೇ ಸುತ್ತು, ಪ್ರತಿ ಸಿಲಿಂಡರಿನಲ್ಲಿ ಒಂದೇ ಉರಿ. ನಾಲ್ಕು ಸಿಲಿಂಡರ್ ಇದ್ದರೆ ಅದೇ ಎರಡು ಸುತ್ತಿನಲ್ಲಿ ಸೈಲೆನ್ಸರ್ ಬಾಯಿಂದ ನಾಲ್ಕು ಪಫ್. ಅಂದರೆ ಸೈಲೆನ್ಸರೇ ಒಂದು ಗಡಿಯಾರ, ಆರ್‌ಪಿಎಂ ಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ನಾಲ್ಕು ಪಫ್ಫಿಗೆ ಎರಡು ಟಕ್ ಬಂದರೆ ಅದು ಕ್ರ್ಯಾಂಕಿನ ವೇಗದ ಸಪ್ಪಳ, ಕೆಳಗಿನ ಮನೆಯದ್ದು. ನಾಲ್ಕು ಪಫ್ಫಿಗೆ ಒಂದು ಟಕ್ ಬಂದರೆ ಕ್ಯಾಮಿನ ವೇಗದ್ದು, ಯಾವುದೋ ಒಂದೇ ಸಿಲಿಂಡರಿನದ್ದು. ಪಫ್ಫಿಗೂ ಟಕ್ಕಿಗೂ ಇಂಥ ಲೆಕ್ಕವೇ ಕೂಡದೆ ಜಾರುತ್ತ ಹೋದರೆ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರ್ ಥರದ್ದು, ಏಕೆಂದರೆ ಆ ಪುಲ್ಲಿಗಳ ಅಳತೆ ಕ್ರ್ಯಾಂಕಿಗೆ ಸರಿಯಾಗಿ ಭಾಗವಾಗುವುದಿಲ್ಲ.

ಬೆಳಿಗ್ಗೆ ತಣ್ಣನೆ ಎಂಜಿನ್ ಸುಮಾರು 1200 ಆರ್‌ಪಿಎಂನಲ್ಲಿ ಓಡುತ್ತದೆ. ಸೆಕೆಂಡಿಗೆ 20 ಸುತ್ತು, 40 ಪಫ್. ಕಿವಿಯಿಂದ ಎಣಿಸುವ ಮಾತಲ್ಲ. ನನ್ನ ಫೋನನ್ನು ಬಾನೆಟ್ ಹತ್ತಿರ, ಶೆಡ್ಡಿನ ಹುಡುಗನ ಫೋನನ್ನು ಸೈಲೆನ್ಸರ್ ಬಾಯಿಂದ ಒಂದು ಮೊಳ ದೂರ ಇಟ್ಟು ರೆಕಾರ್ಡ್ ಹಚ್ಚಿದೆವು. ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ಹೊಡೆದೆ, ಆಮೇಲೆ ಎರಡು ಫೈಲುಗಳನ್ನು ಆ ಚಪ್ಪಾಳೆಯ ಗುರುತಿಗೆ ಹೊಂದಿಸಬಹುದು ಅಂತ. ಪಕ್ಕದ ಚಹಾದಂಗಡಿಯವರು ಏನೆಂದುಕೊಂಡರೋ ಗೊತ್ತಿಲ್ಲ.

ಮನೆಗೆ ಬಂದು ಎರಡನ್ನೂ ಆಡಾಸಿಟಿ ಎಂಬ ಸೌಂಡ್ ಎಡಿಟಿಂಗ್ ಪ್ರೋಗ್ರಾಮಿನಲ್ಲಿ ಒಂದರ ಕೆಳಗೊಂದು ಇಟ್ಟು ಹಿಗ್ಗಿಸಿ ನೋಡಿದೆ. ಕೆಳಗಿನ ಸಾಲಿನಲ್ಲಿ ಸೈಲೆನ್ಸರಿನ ಉಬ್ಬುಗಳು ಸುಮಾರು 25 ಮಿಲಿಸೆಕೆಂಡಿಗೊಂದು. ಮೇಲಿನ ಸಾಲಿನಲ್ಲಿ ಟಕ್ಕಿನ ಮುಳ್ಳುಗಳು ಸುಮಾರು 100 ಮಿಲಿಸೆಕೆಂಡಿಗೊಂದು. ನಾಲ್ಕಕ್ಕೆ ಒಂದು. ಪರದೆಯ ಈ ತುದಿಯಿಂದ ಆ ತುದಿಗೆ ಒಂದೂ ತಪ್ಪಿಲ್ಲ.

ಫೋನಲ್ಲಿ ಕಾಕಾಗೆ ಹೇಳಿದರೆ, "ನಾ ಏನ್ ಹೇಳಿದ್ದೆ? ಕ್ಯಾಮ್ ಅಂದ್ರ ಟ್ಯಾಪೆಟ್ಟ!"

ಇಲ್ಲಿಯೇ ಎಡವುವುದು. ಕ್ಯಾಮಿನ ವೇಗದಲ್ಲಿ ಬಡಿಯುವುದೆಲ್ಲ ಟ್ಯಾಪೆಟ್ ಅಲ್ಲ. ಒಂದೇ ಸಿಲಿಂಡರಿನ ಎಕ್ಸಾಸ್ಟ್ ಪೋರ್ಟ್ (ಹೊಗೆ ಹೊರಬರುವ ಬಾಯಿ) ಹತ್ತಿರ ಗ್ಯಾಸ್ಕೆಟ್, ಅಂದರೆ ಹೆಡ್ಡಿಗೂ ಮ್ಯಾನಿಫೋಲ್ಡಿಗೂ ನಡುವಿನ ಪ್ಯಾಕಿಂಗ್, ಬಿಟ್ಟುಕೊಂಡಿದ್ದರೆ, ಆ ಸಿಲಿಂಡರಿನ ಹೊಗೆ ಹೊರಬಿದ್ದಾಗಲೆಲ್ಲ ಸಂದಿಯಿಂದ ಟಕ್ ಅನ್ನುತ್ತದೆ, ಅದೂ ಎರಡು ಸುತ್ತಿಗೆ ಒಂದೇ ಸಲ. ತಾಳ ಒಂದೇ, ಚೂಪು ಒಂದೇ. ಸವೆದ ಪಿಸ್ಟನ್ ಸಿಲಿಂಡರ್ ಗೋಡೆಗೆ ಬಡಿಯುವ ಸಪ್ಪಳವೂ ತಣ್ಣಗಿದ್ದಾಗ ಜೋರು, ಬಿಸಿಯಾದಾಗ ಕಡಿಮೆ. ಹೀಗೆ ಮೂವರು ಆರೋಪಿಗಳು ಉಳಿದರು.

ಇವರನ್ನು ಬೇರೆ ಮಾಡುವುದಕ್ಕೆ ಒಂದು ಸರಳ ಉಪಾಯವಿದೆ. ಟ್ಯಾಪೆಟ್ಟಿಗೆ ಸಿಲಿಂಡರಿನಲ್ಲಿ ಉರಿ ಹತ್ತಿತೋ ಇಲ್ಲವೋ ಎಂಬುದರ ಗೊಡವೆಯಿಲ್ಲ. ಕ್ಯಾಮ್ ತಿರುಗಿದರೆ ಬಡಿಯುತ್ತದೆ, ಅಷ್ಟೇ. ಹೊಗೆ ಸೋರುವ ಸಂದಿಗಾದರೆ ಉರಿಯ ಒತ್ತಡ ಬೇಕು. ಪಿಸ್ಟನ್ ಬಡಿತವೂ ಉರಿ ನಿಂತರೆ ಮೆತ್ತಗಾಗಬಹುದು, ಅದನ್ನು ಆಮೇಲೆ ಬೇರೆ ಮಾಡಬೇಕು. ಹಾಗಾದರೆ ಒಂದೊಂದೇ ಸಿಲಿಂಡರಿನ ಉರಿ ನಿಲ್ಲಿಸಿ ನೋಡಬೇಕು. ಹಳಬರು ಪ್ಲಗ್ ವೈರ್ ಎಳೆಯುತ್ತಿದ್ದರು. ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸುವ ನಳಿಕೆ) ಇರುವ ಗಾಡಿಯಲ್ಲಿ ಅದು ಬೇಡ, ಉರಿಯದ ಪೆಟ್ರೋಲ್ ನೇರ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ. ಇಂಜೆಕ್ಟರಿನ ಕನೆಕ್ಟರ್ ಕಿತ್ತರೆ ಪೆಟ್ರೋಲೇ ಹೋಗುವುದಿಲ್ಲ. ಕನೆಕ್ಟರಿನ ಪ್ಲಾಸ್ಟಿಕ್ ಕ್ಲಿಪ್ಪುಗಳು ಹಳೆಯ ಗಾಡಿಯಲ್ಲಿ ಹಪ್ಪಳವಾಗಿರುತ್ತವೆ, ಉಗುರಿನಿಂದ ನಿಧಾನ ಎತ್ತಬೇಕು.

ರಾತ್ರಿಯಿಡೀ ಶೆಡ್ಡಿನಲ್ಲೇ ನಿಂತು ತಣ್ಣಗಾಗಿದ್ದ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ, ಟೈಮಿಂಗ್ ಬೆಲ್ಟ್ (ಕ್ಯಾಮ್ ತಿರುಗಿಸುವ ಬೆಲ್ಟ್) ಕಡೆಯಿಂದ ಎಣಿಸಿ ಒಂದನೆಯದು ಕಿತ್ತೆ. ಎಂಜಿನ್ ನಡುಗಿತು, ಟಕ್ ಟಕ್ ಇತ್ತು. ವಾಪಸ್ ಹಾಕಿ ಎರಡನೆಯದು: ಇತ್ತು. ಮೂರು: ಇತ್ತು. ನಾಲ್ಕನೆಯದು ಕಿತ್ತಾಗ ಎಂಜಿನ್ ಅಷ್ಟೇ ನಡುಗಿತು, ಟಕ್ ಮಾತ್ರ ಕತ್ತರಿಸಿ ಹಾಕಿದ ಹಾಗೆ ನಿಂತುಹೋಯಿತು. ಕನೆಕ್ಟರ್ ಹಾಕಿದೆ, ಬಂತು. ಕಿತ್ತೆ, ಹೋಯಿತು.

ಕಾಕಾ ಸ್ಟೂಲಿನಿಂದ ಎದ್ದು ಬಂದು ತಾವೇ ಒಮ್ಮೆ ಕಿತ್ತು ಹಾಕಿ ನೋಡಿದರು. "ಹಂಗಾರ ಪ್ಯಾಕಿಂಗ್ ಹೋಗೇತಿ," ಅಂದರು. ಅರ್ಧ ನಿಮಿಷದ ಹಿಂದೆ ಟ್ಯಾಪೆಟ್ ಅಂದದ್ದು ಯಾರೋ ಬೇರೆಯವರು ಅನ್ನುವ ಹಾಗೆ.

ಖಾತ್ರಿಗೆ ಇನ್ನೆರಡು ಪರೀಕ್ಷೆ. ಸ್ಕ್ರೂಡ್ರೈವರ್ ಲೋಹದೊಳಗಿನ ಸದ್ದನ್ನು ಹಿಡಿಯುತ್ತದೆ, ಗಾಳಿಯಲ್ಲಿ ಬರುವುದನ್ನು ಹಿಡಿಯಲು ರಬ್ಬರ್ ಪೈಪು ಬೇಕು. ಒಂದು ಮೀಟರ್ ಪೈಪಿನ ಒಂದು ತುದಿ ಕಿವಿಗೆ ಹಿಡಿದು, ಇನ್ನೊಂದನ್ನು ಮ್ಯಾನಿಫೋಲ್ಡಿಗೆ ತಾಗಿಸದೆ ಅದರ ಉದ್ದಕ್ಕೂ ಸರಿಸುತ್ತ ಹೋದೆ. ಮೂರು ಪೋರ್ಟಿನ ತನಕ ಏನಿಲ್ಲ, ನಾಲ್ಕನೆಯದರ ಹೊರಮೂಲೆಯಲ್ಲಿ ಕಿವಿಗೆ ಚುಚ್ಚುವಂತೆ ಚಟ್ ಚಟ್. ಆಮೇಲೆ ಹುಡುಗ ದಪ್ಪ ಕೈಗವಸು ಹಾಕಿ, ಹಸಿ ಗೋಣಿತಟ್ಟನ್ನು ಸೈಲೆನ್ಸರ್ ಬಾಯಿಗೆ ಒಂದೆರಡು ಸೆಕೆಂಡ್ ಒತ್ತಿ ಹಿಡಿದ. ಒಳಗೆ ಒತ್ತಡ ಏರಿ ಅದೇ ಮೂಲೆಯಿಂದ ಫುಸ್ ಅಂತ ಎಲ್ಲರಿಗೂ ಕೇಳಿಸಿತು. ಈ ಕೆಲಸವನ್ನೆಲ್ಲ ಬಯಲಲ್ಲೇ ಮಾಡಬೇಕು. ಸೋರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸಪ್ಪಳ ತಾನಾಗಿ ಹೋಗುತ್ತದಲ್ಲ ಎಂದು ಇಂಥ ಸೋರಿಕೆಯನ್ನು ವರ್ಷಗಟ್ಟಲೆ ಬಿಡಬಾರದು ಎನ್ನುವುದಕ್ಕೂ ಅದೇ ಕಾರಣ: ಕ್ಯಾಬಿನ್ನಿಗೆ ಗಾಳಿ ಎಳೆದುಕೊಳ್ಳುವ ಕಿಂಡಿ ಎಂಜಿನ್ನಿನ ಹಿಂದೆಯೇ ಇರುತ್ತದೆ.

ಶೀಲ್ಡ್ ತೆಗೆದಾಗ ಕಂಡದ್ದು

ಮ್ಯಾನಿಫೋಲ್ಡಿನ ಮೇಲಿನ ತಗಡಿನ ಹೀಟ್ ಶೀಲ್ಡಿನ ಬೋಲ್ಟುಗಳು ತುಕ್ಕಿನಲ್ಲಿ ಗುರುತು ಸಿಗದ ಹಾಗಾಗಿದ್ದವು. ವಾಸ್ಕೋದ ಮೂರು ದಿಕ್ಕಿಗೂ ಸಮುದ್ರ, ಉಪ್ಪು ಗಾಳಿಗೆ ಕಬ್ಬಿಣ ಎಂದರೆ ಪ್ರೀತಿ. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ರಾತ್ರಿಯಿಡೀ ಬಿಟ್ಟು, ಮರುದಿನ ಮತ್ತೆ ಸಿಂಪಡಿಸಿ, ಆಮೇಲೆ ಪಾನಾ ಹಾಕಿದೆವು.

ಶೀಲ್ಡ್ ಎತ್ತಿದಾಗ ನಾಲ್ಕನೇ ಪೋರ್ಟಿನ ಸುತ್ತ ಹೆಡ್ಡಿನ ಮೇಲೆ ಕಪ್ಪು ಮಸಿ ಬೀಸಣಿಗೆಯಾಕಾರಕ್ಕೆ ಹರಡಿತ್ತು. ತುದಿಯ ಸ್ಟಡ್ಡಿನಲ್ಲಿ (ಹೆಡ್ಡಿಗೆ ತಿರುಪಿದ, ತಲೆಯಿಲ್ಲದ ಬೋಲ್ಟು) ನಟ್ ಇರಬೇಕಾದ ಜಾಗ ಖಾಲಿ. ಸ್ಟಡ್ಡು ಹೆಡ್ಡಿನ ಮಟ್ಟಕ್ಕೆ ಸರಿಯಾಗಿ ಮುರಿದು, ನಟ್ಟಿನ ಸಮೇತ ಯಾವ ರಸ್ತೆಯಲ್ಲೋ ಬಿದ್ದುಹೋಗಿತ್ತು.

ತುದಿಯದೇ ಯಾಕೆ ಮುರಿಯುತ್ತದೆ? ಲೆಕ್ಕ ಹಾಕಿ ನೋಡಿದೆ. ಎರಕದ ಕಬ್ಬಿಣ ಒಂದು ಡಿಗ್ರಿ ಬಿಸಿಗೆ ಒಂದು ಮೀಟರಿಗೆ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. ಅಲ್ಯೂಮಿನಿಯಂ ಅದರ ಎರಡರಷ್ಟು, ಸುಮಾರು 23. ಹಿಗ್ಗುವ ಗುಣ ಅಲ್ಯೂಮಿನಿಯಂದೇ ಹೆಚ್ಚು, ಆದರೆ ಅದರೊಳಗೆ ಕೂಲಂಟ್ ಹರಿಯುವುದರಿಂದ ಹೆಡ್ಡು ನೂರು ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಮ್ಯಾನಿಫೋಲ್ಡು ಘಾಟ್ ಏರುವಾಗ ಐನೂರು ಡಿಗ್ರಿ ಮುಟ್ಟಿದರೂ ಆಶ್ಚರ್ಯವಿಲ್ಲ. ಮೂವತ್ತು ಸೆಂಟಿಮೀಟರ್ ಉದ್ದದ ಮ್ಯಾನಿಫೋಲ್ಡ್ ಅಷ್ಟು ಬಿಸಿಗೆ ಒಂದೂವರೆ ಮಿಲಿಮೀಟರ್ ಬೆಳೆದರೆ, ಅದೇ ಉದ್ದದ ಹೆಡ್ಡು ಬೆಳೆಯುವುದು ಅರ್ಧ ಮಿಲಿಮೀಟರಿನ ಒಳಗೆ. ಉಳಿದ ಒಂದು ಮಿಲಿಮೀಟರನ್ನು ಎರಡೂ ತುದಿ ಹಂಚಿಕೊಂಡರೂ ತುದಿಯ ಸ್ಟಡ್ಡನ್ನು ಪ್ರತಿ ಓಟದಲ್ಲೂ ಅರ್ಧ ಮಿಲಿಮೀಟರ್ ಪಕ್ಕಕ್ಕೆ ತಳ್ಳಿ ಮತ್ತೆ ಬಿಟ್ಟ ಹಾಗೆ. ಇದಕ್ಕೆಂದೇ ಮ್ಯಾನಿಫೋಲ್ಡಿನ ತೂತುಗಳನ್ನು ಸ್ಟಡ್ಡಿಗಿಂತ ದೊಡ್ಡದಾಗಿ ಕೊರೆದಿರುತ್ತಾರೆ, ಜಾರಲಿ ಅಂತ. ತುಕ್ಕು ಆ ಸಂದಿಯನ್ನು ತುಂಬಿಬಿಟ್ಟರೆ ಜಾರುವುದು ನಿಂತು ಬಗ್ಗುವುದು ಶುರುವಾಗುತ್ತದೆ.

ಬಿಸಿಯಾದ ಮೇಲೆ ಸಪ್ಪಳ ನಿಲ್ಲುವುದಕ್ಕೂ, ಘಾಟಿನಲ್ಲಿ ಮತ್ತೆ ಬರುವುದಕ್ಕೂ ಉತ್ತರ ಇಲ್ಲೇ ಇತ್ತು. ಹಿಗ್ಗಿದಾಗ ಸಂದಿ ಮುಚ್ಚಿಕೊಳ್ಳುತ್ತದೆ. ಏರಿನಲ್ಲಿ ಸಿಲಿಂಡರಿನಿಂದ ಬರುವ ಒತ್ತಡ ಹೆಚ್ಚಾಗಿ, ಮುಚ್ಚಿದ್ದನ್ನೂ ದೂಡಿ ಹೊರಬರುತ್ತದೆ. ಮೈಲೇಜ್ ಇಳಿದದ್ದಕ್ಕೂ ಕಾರಣ ಇದೇ: ಎರಡು ಪಫ್ಫಿನ ನಡುವೆ ಒತ್ತಡ ಕುಸಿದಾಗ ಅದೇ ಸಂದಿ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಮುಂದಿರುವ ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಸಾಲದು ಅಂತ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್) ವರದಿ ಮಾಡುತ್ತದೆ, ಇಸಿಯು ಬೇಡದ ಪೆಟ್ರೋಲ್ ಸುರಿಯುತ್ತದೆ. ಕಾಕಾನ ಸ್ಕ್ಯಾನರಿನಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಇಸಿಯು ಪೆಟ್ರೋಲಿನ ಅಳತೆಗೆ ಮಾಡಿಕೊಂಡ ತಿದ್ದುಪಡಿ) ಶೇಕಡಾ 14 ಹೆಚ್ಚಿಗೆ ತೋರಿಸುತ್ತಿತ್ತು.

ಮುರಿದ ಸ್ಟಡ್ ತೆಗೆದ ಬಗೆ

ಹೊರಗೆ ಚೂರು ಉಳಿದಿದ್ದರೆ ಎರಡು ನಟ್ ಒಂದಕ್ಕೊಂದು ಬಿಗಿದು ತಿರುಗಿಸಿಬಿಡಬಹುದಿತ್ತು. ಮಟ್ಟಸ ಮುರಿದದ್ದಕ್ಕೆ ಎರಡು ದಾರಿ: ನಡುವೆ ಕೊರೆದು, ಮುರಿದದ್ದನ್ನು ಕಚ್ಚಿ ತಿರುಗಿಸುವ ಎಕ್ಸ್‌ಟ್ರಾಕ್ಟರ್ ಹಾಕುವುದು, ಇಲ್ಲವೇ ವೆಲ್ಡಿಂಗ್. ಗಟ್ಟಿ ಸ್ಟಡ್ಡಿನಲ್ಲಿ ಡ್ರಿಲ್ ಬಿಟ್ ನಡುವಿನಿಂದ ಜಾರಿ ಮೆತ್ತನೆ ಅಲ್ಯೂಮಿನಿಯಂ ತಿನ್ನುವುದೇ ಹೆಚ್ಚು, ಮತ್ತು ಒಳಗೇ ಮುರಿದ ಎಕ್ಸ್‌ಟ್ರಾಕ್ಟರ್ ಸ್ಟಡ್ಡಿಗಿಂತ ದೊಡ್ಡ ತಲೆನೋವು. ನನ್ನ ಓಟು ವೆಲ್ಡಿಂಗಿಗೆ, ಕಾಕಾನದೂ.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಇಸಿಯು ಕನೆಕ್ಟರ್ ಕಿತ್ತು, ವೆಲ್ಡಿಂಗಿನ ಅರ್ತ್ ಕ್ಲಾಂಪನ್ನು ಹೆಡ್ಡಿಗೇ ಹತ್ತಿರದಲ್ಲಿ ಹಿಡಿಸಿದೆವು. ಪೆಟ್ರೋಲ್ ಪೈಪಿನ ಮೇಲೆ ಹಸಿ ಗೋಣಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್. ಮುರಿದ ಮುಖದ ಮೇಲೆ ಒಂದು ವಾಷರ್ ಇಟ್ಟು ನಡುವಿನ ತೂತಿನಿಂದ ಸ್ಟಡ್ಡಿಗೆ ಬೆಸುಗೆ, ಅದರ ಮೇಲೆ ನಟ್ ಇಟ್ಟು ಅದಕ್ಕೂ ಬೆಸುಗೆ. ಉಕ್ಕಿನ ಬೆಸುಗೆ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ಈ ಉಪಾಯದ ಜೀವವೇ ಅದು. ಬೆಸುಗೆಯ ಬಿಸಿಗೆ ಸ್ಟಡ್ಡು ಹಿಗ್ಗಿ, ತಣ್ಣಗಾಗುತ್ತ ಕುಗ್ಗುವಾಗ ತುಕ್ಕಿನ ಹಿಡಿತ ಬಿರಿಯುತ್ತದೆ. ಮೊದಲ ನಟ್ ಪಾನಾ ಹಾಕಿದ ಕೂಡಲೇ ಕಿತ್ತು ಬಂತು. ಕಾಕಾ ಇನ್ನೊಂದು ಹಚ್ಚಿದರು, ಈ ಸಲ ಪೂರ್ತಿ ಆರಲು ಬಿಟ್ಟು, ಸ್ವಲ್ಪ ಎಣ್ಣೆ ಬಿಟ್ಟು, ಒಂದೇ ದಿಕ್ಕಿಗೆ ಎಳೆಯದೆ ಹಿಂದೆ ಮುಂದೆ ಅಲುಗಿಸುತ್ತ ಬಂದರು.

"ಅವಸರ ಮಾಡಬ್ಯಾಡ ತಮ್ಮಾ. ಅದಕ್ಕ ಬರೂ ಮನಸ್ಸು ಬರಬೇಕು."

ಕಿರ್ ಅಂತ ತಿರುಗಿತು. ಉಳಿದ ಸ್ಟಡ್ಡುಗಳನ್ನೂ ತೆಗೆದು ಎಲ್ಲ ಹೊಸದು ಹಾಕಿದೆವು. ತೂತುಗಳಿಗೆ ಎಂ8 (8 ಮಿ.ಮೀ. ಅಳತೆಯ, ಎಳೆ ಕೊರೆಯುವ) ಟ್ಯಾಪ್ ಕೈಯಿಂದಲೇ ಓಡಿಸಿ ಚೊಕ್ಕ ಮಾಡಿದೆ.

ಮ್ಯಾನಿಫೋಲ್ಡಿನ ಮುಖದ ಮೇಲೆ ನೇರಪಟ್ಟಿ ಇಟ್ಟು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಹಾಳೆ) ತೂರಿಸಿದರೆ ನಾಲ್ಕನೇ ಪೋರ್ಟ್ ಕಡೆ 0.3 ಮಿ.ಮೀ. ಸಲೀಸಾಗಿ ಹೋಯಿತು. ಇಷ್ಟು ಬಾಗಿದ್ದಕ್ಕೆ ಬರೀ ಹೊಸ ಪ್ಯಾಕಿಂಗ್ ಹಾಕಿದರೆ ಕೆಲವೇ ದಿನದಲ್ಲಿ ಮತ್ತೆ ಅದೇ ಕಥೆ. ವೆರ್ಣಾದಲ್ಲಿ ಪರಿಚಯದವರೊಬ್ಬರ ಮಷೀನ್ ಶಾಪಿಗೆ ಒಯ್ದು ಸರ್ಫೇಸ್ ಗ್ರೈಂಡರಿನಲ್ಲಿ ಮಟ್ಟ ಮಾಡಿಸಿದೆ.

ಟ್ಯಾಪೆಟ್ಟಿಗೂ ನ್ಯಾಯ

ಮ್ಯಾನಿಫೋಲ್ಡ್ ಬರುವ ತನಕ ವಾಲ್ವ್ ಕವರ್ ಬಿಚ್ಚಿ ನೋಡಿದೆವು. ಹಿಂದೆ ಸಪ್ಪಳ ನಿಲ್ಲಿಸಲೆಂದು ಬಿಗಿ ಮಾಡಿದ್ದರಲ್ಲ, ಎಷ್ಟು ಬಿಗಿ ಮಾಡಿದ್ದಾರೆ ಅಂತ ನನಗೆ ಅಳುಕಿತ್ತು.

ಪ್ಲಗ್ಗುಗಳನ್ನು ತೆಗೆದು, ಕ್ರ್ಯಾಂಕ್ ಬೋಲ್ಟಿಗೆ ಪಾನಾ ಹಾಕಿ ಎಂಜಿನ್ ಓಡುವ ದಿಕ್ಕಿಗೇ ಕೈಯಿಂದ ತಿರುಗಿಸಬೇಕು. ಫೈರಿಂಗ್ ಆರ್ಡರ್ 1-3-4-2. ನಾಲ್ಕನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತ ಇನ್‌ಟೇಕ್ ತೆರೆಯಲು ಶುರುವಾಗುವ ಆ ಅದಲುಬದಲಿನ ಕ್ಷಣದಲ್ಲಿ ಒಂದನೆಯದರ ವಾಲ್ವುಗಳು ಪೂರ್ತಿ ಮುಚ್ಚಿರುತ್ತವೆ, ಅದನ್ನು ಅಳೆಯಬಹುದು. ಅಲ್ಲಿಂದ ಅರ್ಧ ಸುತ್ತಿಗೆ ಮೂರನೆಯದು, ಮತ್ತೆ ಅರ್ಧಕ್ಕೆ ನಾಲ್ಕು, ಮತ್ತೆ ಅರ್ಧಕ್ಕೆ ಎರಡು. ಎಂಜಿನ್ ತಣ್ಣಗಿರಬೇಕು. ರಾಕರಿಗೂ ವಾಲ್ವಿಗೂ ನಡುವಿನ ಸಂದಿಯ ಅಳತೆ ಆಯಾ ಗಾಡಿಯ ಮ್ಯಾನ್ಯುಯಲ್ ಹೇಳಿದ್ದು, ನಮ್ಮದರಲ್ಲಿ 0.15 ಮಿ.ಮೀ.ಯ ಹಾಳೆ ತುಸು ಹಿಡಿದು ಹಿಡಿದು ಬರಬೇಕು, 0.20ರದ್ದು ಹೋಗಬಾರದು.

ಇನ್‌ಟೇಕ್ ಕಡೆ ಹೆಚ್ಚು ಕಡಿಮೆ ಸರಿಯಿತ್ತು. ಎಕ್ಸಾಸ್ಟ್ ಕಡೆ ಕೆಲವಕ್ಕೆ 0.08ರ ಹಾಳೆಯೂ ಹೋಗಲಿಲ್ಲ. ಇದು ಸಪ್ಪಳಕ್ಕಿಂತ ಕೆಟ್ಟದ್ದು. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಹೆಡ್ಡಿಗೆ ದಾಟಿಸುವುದು ಮುಖ್ಯವಾಗಿ ಸೀಟಿನ ಮೇಲೆ ಕೂತಾಗ. ಸಂದಿ ಇಲ್ಲದಿದ್ದರೆ, ಬಿಸಿಗೆ ವಾಲ್ವ್ ಉದ್ದವಾದಾಗ ಅದು ಸೀಟಿನ ಮೇಲೆ ಪೂರ್ತಿ ಕೂರುವುದೇ ಇಲ್ಲ. ಹೊಗೆ ಆ ಎಳೆಯಷ್ಟು ಜಾಗದಿಂದ ನುಗ್ಗಿ ಅಂಚನ್ನು ತಿನ್ನುತ್ತದೆ, ಕಂಪ್ರೆಷನ್ ಹೋಗುತ್ತದೆ.

"ಕೂಗೂ ಟ್ಯಾಪೆಟ್ ಏನೂ ಮಾಡಂಗಿಲ್ಲ," ಅಂದರು ಕಾಕಾ, ಲಾಕ್ ನಟ್ ಸಡಿಲಿಸುತ್ತ. "ಸುಮ್ಮ ಕುಂತಿದ್ದ ವಾಲ್ವ್ ಸುಡತೈತಿ."

ಎಲ್ಲವನ್ನೂ ಅಳತೆಗೆ ತಂದೆವು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಜೊತೆಗೇ ತಿರುಗುತ್ತದೆ, ಹಾಗಾಗಿ ಬಿಗಿದ ಮೇಲೆ ಇನ್ನೊಮ್ಮೆ ಹಾಳೆ ತೂರಿಸಿ ನೋಡಬೇಕು. ಆಮೇಲೆ ಕಂಪ್ರೆಷನ್ ಗೇಜ್ ಹಾಕಿ ನೋಡಿದರೆ ನಾಲ್ಕೂ ಸಿಲಿಂಡರ್ ಹತ್ತಿರ ಹತ್ತಿರ ಬಂದವು. ವಾಲ್ವ್ ಸುಟ್ಟಿರಲಿಲ್ಲ.

ಜೋಡಣೆ

ಹೊಸ ಲೋಹದ ಪ್ಯಾಕಿಂಗ್, ಒಣದಾಗಿ, ಯಾವ ಅಂಟೂ ಇಲ್ಲದೆ. ಸ್ಟಡ್ಡುಗಳಿಗೆ ತಾಮ್ರದ ಆಂಟಿ-ಸೀಜ್ (ಎಳೆ ಕಚ್ಚಿಕೊಳ್ಳದಂತೆ ಹಚ್ಚುವ ಲೇಪ) ತೆಳುವಾಗಿ. ನಟ್ಟುಗಳನ್ನು ನಡುವಿನಿಂದ ಶುರು ಮಾಡಿ ಹೊರಗೆ, ಮೊದಲು ಕೈಬಿಗಿ, ಆಮೇಲೆ ಅರ್ಧ, ಕೊನೆಗೆ ಟಾರ್ಕ್ ರೆಂಚಿನಿಂದ ಮ್ಯಾನ್ಯುಯಲ್ಲಿನ ಅಳತೆಗೆ. ಈ ಜಾಗದ ಎಂ8ಕ್ಕೆ ಅದು ಸಾಮಾನ್ಯವಾಗಿ 20 ನ್ಯೂಟನ್ ಮೀಟರ್ ಆಸುಪಾಸು. ಹೆಚ್ಚು ಬಿಗಿದರೆ ಗಟ್ಟಿ ಎಂಬ ನಂಬಿಕೆ ಅಲ್ಯೂಮಿನಿಯಂ ಎಳೆಗಳ ಹತ್ತಿರ ನಡೆಯುವುದಿಲ್ಲ. ಹೀಟ್ ಶೀಲ್ಡನ್ನೂ ಹೊಸ ಬೋಲ್ಟ್ ಹಾಕಿ ಕೂರಿಸಿದೆವು. ಇದು ಸಡಿಲವಿದ್ದರೆ ಒಂದು ಆರ್‌ಪಿಎಂನಲ್ಲಿ ಮಾತ್ರ ಜರ್ ಅಂತ ಕೂಗಿ ಹೊಸ ಪತ್ತೇದಾರಿಕೆಗೆ ಎಳೆಯುತ್ತದೆ.

ಸಾಮಾನಿಗೆ ಆದದ್ದು ಸಾವಿರ ಚಿಲ್ಲರೆ, ಬೆಲ್ಟೂ ಸೇರಿ. ವೆಲ್ಡಿಂಗ್, ಗ್ರೈಂಡಿಂಗಿನ ಕೂಲಿ ಅದಕ್ಕಿಂತ ಜಾಸ್ತಿ.

ತಣ್ಣಗೆ ಸ್ಟಾರ್ಟ್ ಮಾಡಿದಾಗ ಈಗ ಕೇಳುವುದು ಇಂಜೆಕ್ಟರುಗಳ ಸಣ್ಣ ಚಿಟಿಚಿಟಿ, ಮತ್ತು ಸಂದಿ ಸರಿಯಾದ ಟ್ಯಾಪೆಟ್ಟುಗಳ ಹಗುರ ಸದ್ದು. ಎರಡೂ ಇರಬೇಕಾದದ್ದೇ. ಮತ್ತೆ ರೆಕಾರ್ಡ್ ಮಾಡಿ ನೋಡಿದೆ, ನಾಲ್ಕಕ್ಕೊಂದು ಏಳುತ್ತಿದ್ದ ಮುಳ್ಳು ಇಲ್ಲ. ಫ್ಯುಯೆಲ್ ಟ್ರಿಮ್ ಕೆಲವು ದಿನ ಓಡಿಸಿದ ಮೇಲೆ ಶೇಕಡಾ 3ಕ್ಕೆ ಇಳಿಯಿತು. ಬಿಸಿ-ತಂಪು ಹಲವು ಸಲ ಕಂಡ ಮೇಲೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ ನಟ್ಟುಗಳಿಗೆ ಮತ್ತೆ ಟಾರ್ಕ್ ಹಾಕಿದೆ. ತುದಿಯ ಎರಡು ನಟ್ಟುಗಳು ಒಂಚೂರು ತಿರುಗಿದವು.

ಅನ್ಮೋಡ ಘಾಟ್ ಹತ್ತಿ ರಾಮನಗರ, ಅಳ್ನಾವರದ ಮೇಲೆ ಧಾರವಾಡಕ್ಕೂ ಹೋಗಿಬಂದಾಯಿತು, ಏರಿನಲ್ಲೂ ಟಕ್ ಇಲ್ಲ. ಕಿವಿ ಖಾಲಿಯಾದ್ದಕ್ಕೋ ಏನೋ, ರಿವರ್ಸ್ ಗೇರ್ ಹಾಕಿ ಕ್ಲಚ್ ಬಿಡುವಾಗ ಡುಬ್ ಅನ್ನುವ ಇನ್ನೊಂದು ಈಗ ಕೇಳುತ್ತಿದೆ. ಹಿಂದಿನ ಎಂಜಿನ್ ಮೌಂಟಿನ ರಬ್ಬರಿನಲ್ಲಿ ಸೀಳು ಕಂಡಿದೆ, ಬ್ರೇಕ್ ಒತ್ತಿ ಹಿಡಿದು ಕ್ಲಚ್ಚನ್ನು ತುಸುವೇ ಬಿಟ್ಟರೆ ಎಂಜಿನ್ ಎದ್ದು ಕೂರುವುದೂ ಕಾಣುತ್ತದೆ. ಮೌಂಟ್ ತರಿಸಲು ಕಾಕಾಗೆ ಹೇಳಿದ್ದೇನೆ.